ಆವಿಗೆಗೆ ಕಿವಿಗೊಟ್ಟವರು

“ಯಾರೂ ಉಸಿರೂ ಬಿಡಬೇಡಿ,” ಎಂದಳು ಕೆಜಾಯಾ ಮಾಬಿ, ಜಾಡಿ ಸುಡುವ ಆವಿಗೆಯ ಬಾಗಿಲಲ್ಲಿ ನಿಂತು. ಬಾಗಿಲಿಗೆ ಕಟ್ಟಿದ್ದ ಇಟ್ಟಿಗೆಗಳನ್ನು ಕುಂಬಾರ ಈನಕ್ ಟ್ರಾಂಟರ್ ಆಗಷ್ಟೇ ಕಿತ್ತು ಬದಿಗೆ ಒಟ್ಟಿದ್ದ. ಒಳಗಿನ ಬಿಸಿ ಎಲ್ಲರ ಮುಖಕ್ಕೆ ಬಡಿಯಿತು. ಮುದುಕಿಯ ಹಿಂದೆ ಟಾರ್ಲಿ ಕ್ರೀಕಿನ ಐವರು ಹಣವಂತರು, ತಮ್ಮಲ್ಲೊಬ್ಬರಾದ ಬ್ಯಾಂಕಿನ ಲಿಡ್ಗೇಟ್ ಸಾಹೇಬರನ್ನು ಮುಂದಿಟ್ಟುಕೊಂಡು, ಟೋಪಿ ತೆಗೆಯದೆ ನಿಂತಿದ್ದರು.

ಎರಡನೆಯ ಆವಿಗೆ ಕಟ್ಟಲು ಈನಕ್‌ಗೆ ಎಂಟುನೂರು ಪೌಂಡು ಬೇಕಿತ್ತು. ವಿಕ್ಟೋರಿಯಾ ವಸಾಹತಿನ ಸರ್ಕಾರ ಹೊಸ ಊರುಗಳ ಚರಂಡಿಗೆಂದು ಸುಟ್ಟ ಮಣ್ಣಿನ ಕೊಳವೆಗಳನ್ನು ಕೇಳಿತ್ತು. ತಿಂಗಳೊಳಗೆ ಒಪ್ಪಿಕೊಳ್ಳದಿದ್ದರೆ ಆ ಕೆಲಸ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು, ಅದರ ಹಿಂದೆಯೇ ಅವನ ಹನ್ನೊಂದು ಜನ ಕೆಲಸಗಾರರ ರೊಟ್ಟಿಯೂ. ಐವರಿಗೂ ಪಾಲು ಹಾಕುವ ಮನಸ್ಸಿತ್ತು, ಆದರೆ ಮಾಬಿ ಅಮ್ಮ ಮೊದಲು ಹಾಕಲಿ ಎನ್ನುತ್ತಿದ್ದರು. ಅವಳು ಇಪ್ಪತ್ತು ಸಾವಿರ ಕುರಿಗಳ ಒಡತಿ. ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು. ಚಿಕ್ಕಂದಿನಲ್ಲಿ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಜಾಡಿಗಳನ್ನು ಬಡಿದು, ಸದ್ದಿನಿಂದಲೇ ಗಟ್ಟಿಯದನ್ನೂ ಒಡಕನ್ನೂ ಬೇರ್ಪಡಿಸುತ್ತಿದ್ದವಳು.

ಇಂಗ್ಲೆಂಡಿನಿಂದ ಬಂದು ನೆಲೆಸಿದವರ ಆ ನೆಲದಲ್ಲಿ ಇಂಗ್ಲೆಂಡಿಗೆ ‘ಮನೆ’ ಎಂದೇ ಹೆಸರು. ಅದನ್ನು ಕಣ್ಣಾರೆ ಕಾಣದವರೂ ಹಾಗೆಯೇ ಕರೆಯುತ್ತಿದ್ದರು. ‘ಮನೆಯ ಮಾಲಿನ ಹಾಗಿದೆಯೇ?’ ಎಂಬುದು ಪ್ರತಿ ಗಿರಾಕಿಯ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಹೆದರಿ ಈನಕ್ ಒಂದು ಕೆಲಸ ಮಾಡಿದ್ದ. ಅಂಗಡಿಯಿಂದ ಇಂಗ್ಲೆಂಡಿನ ಆರು ಜಾಡಿ ತಂದು, ಅಡಿಯ ಮುದ್ರೆಯನ್ನು ಉಜ್ಜಿ ಅಳಿಸಿ, ಹೆಂಡತಿಯ ರೊಟ್ಟಿ ಒಲೆಯಲ್ಲಿ ಬಿಸಿ ಮಾಡಿ, ಬೆಳಗಾಗುತ್ತಲೇ ಆವಿಗೆ ತೆರೆದು ಮುಂದಿನ ಸಾಲಿನಲ್ಲಿಟ್ಟು ಮತ್ತೆ ಬಾಗಿಲು ಕಟ್ಟಿದ್ದ. ಕುರುಡಿಯ ಕೈಗೆ ಮೊದಲು ಸಿಗುವುದು ಅವೇ ತಾನೆ?

ಎಲ್ಲರೂ ಉಸಿರು ಹಿಡಿದರು. ಈ ಕಥೆ ಹೇಳುವ ಅಲ್ಲಿನವರು ಈ ಘಟ್ಟಕ್ಕೆ ಬಂದಾಗ ತಾವೂ ತುಸು ಹೊತ್ತು ಮಾತು ನಿಲ್ಲಿಸುತ್ತಾರೆ. ಕತ್ತಲಲ್ಲಿ ಎಲ್ಲೋ ‘ಟಿಣ್’ ಎಂದಿತು. ಆರುತ್ತಿದ್ದ ಜಾಡಿಗಳ ಮೇಲಿನ ಗಾಜಿನಂಥ ಮೆರುಗು ಬಿಗಿದುಕೊಳ್ಳುತ್ತ ದನಿ ಮಾಡುತ್ತಿತ್ತು. ಇತ್ತ ಒಂದು, ಅತ್ತ ಎರಡು, ನೆತ್ತಿಯ ಮೇಲೊಂದು. ಬರಬರುತ್ತ ಒಳಗಿನ ನಾನೂರು ಜಾಡಿಗಳು, ಮುಂಜಾವದ ಕಣಿವೆಯಲ್ಲಿ ಗಂಟೆಹಕ್ಕಿಗಳು ಒಂದಕ್ಕೊಂದು ಓಗೊಡುವ ಹಾಗೆ, ತಮ್ಮ ತಮ್ಮಲ್ಲೇ ಮಾತಿಗಿಳಿದವು. ಇಪ್ಪತ್ತು ವರ್ಷ ಆವಿಗೆ ತೆರೆದ ಈನಕ್ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದ. ಹೀಗೆ ಕಿವಿಗೊಟ್ಟು ನಿಂತಿರಲಿಲ್ಲ.

“ಎಡಗಡೆ ಗೋಡೆ ಹತ್ರ, ಮೇಲಿನಿಂದ ಮೂರನೇದು,” ಎಂದಳು ಮುದುಕಿ. “ಅದರ ಗಂಟಲು ಕಟ್ಟಿದೆ. ತೆಗಿ.”

ಈನಕ್ ತೆಗೆದು ಬೆಳಕಿಗೆ ಹಿಡಿದ. ಕೊರಳಿನಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಸೀಳು.

“ಅಯ್ಯೋ ದೇವರೇ!” ಎಂದರು ಲಿಡ್ಗೇಟ್.

“ಈಗಲೇ ಯಾಕೆ ದೇವರನ್ನ ಕರೀತೀರಿ ಸಾಹೇಬ್ರೇ? ಇನ್ನೂ ದುಡ್ಡು ಬಿಚ್ಚಿಲ್ಲವಲ್ಲ!” ಎಂದು ನಕ್ಕು, ಮುದುಕಿ ಮುಂದಿನ ಸಾಲಿನ ಮೇಲೆ ಕೈಯಾಡಿಸಿದಳು. ನಗು ನಿಂತಿತು. “ಇವು ಆರು ಇವೆ. ಬಿಸಿಯಾಗೂ ಇವೆ. ಯಾಕಯ್ಯಾ ಈನಕ್, ಇವು ಮಾತಾಡ್ತಾ ಇಲ್ಲ?”

ಬಿಸಿಯ ವಿಚಾರ ಈನಕ್‌ಗೆ ಹೊಳೆದಿತ್ತು, ದನಿಯದು ಹೊಳೆದಿರಲಿಲ್ಲ. ಏನಾದರೊಂದು ನೆಪ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕಿವಿಯ ಪಕ್ಕದಲ್ಲೇ ಅವನದೇ ಒಂದು ಜಾಡಿ ‘ಟಿಣ್’ ಎಂದಿತು.

“ಅವು ನನ್ನವಲ್ಲ ಅಮ್ಮಾ. ಮನೆಯಿಂದ ಬಂದವು. ನನ್ನವನ್ನ ಮುಟ್ಟಿ ಎಲ್ಲಿ ಮುಖ ಸಿಂಡರಿಸ್ತೀರೋ ಅಂತ ಹೆದರಿ ಇಟ್ಟೆ.”

“ಮೋಸ! ಅಪ್ಪಟ ಮೋಸ!” ಲಿಡ್ಗೇಟ್ ಪಾಲುದಾರರ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟರು. “ನಡೀರಿ, ಗಾಡಿ ಹತ್ತೋಣ.”

“ನೀವು ಹತ್ತಿ. ನಾನಿನ್ನೂ ಕೇಳ್ತಿದೀನಿ,” ಎಂದಳು ಮುದುಕಿ. ಆರರಲ್ಲೊಂದನ್ನು ಎತ್ತಿ ಬೆರಳ ಗೆಣ್ಣಿನಿಂದ ಬಡಿದಳು. “ನಮ್ಮೂರಿನದೇ. ಒಂಬತ್ತು ವರ್ಷದ ಹುಡುಗಿ ಆಗಿದ್ದಾಗ ಇಂಥವನ್ನ ದಿನಕ್ಕೆ ಆರುನೂರು ಬಡೀತಿದ್ದೆ. ಒಳ್ಳೇ ಜಾಡಿ. ಆದರೆ ಹೇಳೋದನ್ನೆಲ್ಲಾ ಇದು ಯಾವತ್ತೋ ಹೇಳಿ ಮುಗಿಸಿದೆ.” ಅದನ್ನು ಈನಕ್‌ನ ತೋಳಿಗಿಟ್ಟಳು. “ಹೊರಗೆ ಹುಲ್ಲಿನ ಮೇಲಿಟ್ಟು ಬಾ. ಆರನ್ನೂ. ಎಲ್ಲರೂ ನೋಡ್ಲಿ.”

ಆರು ಸಲ ಅವನು ಆ ಐವರ ಮುಂದೆಯೇ ಹೋಗಿ ಬಂದ. ಯಾರೂ ನೆರವಿಗೆ ಕೈ ಹಾಕಲಿಲ್ಲ, ಗಾಡಿಯನ್ನೂ ಹತ್ತಲಿಲ್ಲ. ಕೊನೆಯದನ್ನಿಟ್ಟು ಬಂದಾಗ ಮುದುಕಿ ಆವಿಗೆಯ ಒಳಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದಳು.

“ಸಾಹೇಬ್ರೇ, ಮೊದಲನೇ ಹೆಸರು ನಂದು ಬರ್ಕೊಳ್ಳಿ. ದುಡ್ಡಿನ ಪೆಟ್ಟಿಗೆ ಬೀಗದಕೈ ಮಾತ್ರ ಇವನ ಹೆಂಡತಿ ಹತ್ರ ಇರಲಿ.”

“ಇಷ್ಟಾದ ಮೇಲೂ, ಮಾಬಿ ಅಮ್ಮನವರೇ?”

“ನನ್ನನ್ನೇನು ಕೇಳ್ತೀರಿ? ಬಂದು ಗೋಡೆಗೆ ಕಿವಿ ಇಡಿ.”

ಲಿಡ್ಗೇಟ್ ಜೇಬಿನಿಂದ ಪಟ್ಟಿ ತೆಗೆದು ಅವಳ ಹೆಸರು ಬರೆದುಕೊಂಡರು. ಆಮೇಲೆ ಬಾಗಿಲಿಗೆ ಬಂದು ಒಳಗೆ ಬಾಗಿದರು. ಟೋಪಿಯ ಅಂಚು ಕಿವಿಯನ್ನು ಗೋಡೆಗೆ ತಾಗಗೊಡಲಿಲ್ಲ. ಟೋಪಿ ತೆಗೆದು, ಇಡಲು ಜಾಗ ಹುಡುಕಿ, ಹುಲ್ಲಿನ ಮೇಲಿದ್ದ ಮೊದಲ ಜಾಡಿಗೆ ಅದನ್ನು ಕವುಚಿ ಒಳಗೆ ಹೋದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ನಾಲ್ವರೂ ಹಾಗೆಯೇ. ಎಲ್ಲರಿಗಿಂತ ಕೊನೆಗೆ ಈನಕ್ ಮಣ್ಣು ಮೆತ್ತಿದ ತನ್ನ ಟೋಪಿಯನ್ನು ತೆಗೆದ. ಒಳಗೆ ಏಳು ಜನ ಬೆಚ್ಚನೆಯ ಇಟ್ಟಿಗೆಗೆ ಕೆನ್ನೆಯಿಟ್ಟು ಸದ್ದಿಲ್ಲದೆ ನಿಂತರು. ಹೊರಗೆ ಬಿಸಿಲಲ್ಲಿ, ಮನೆಯಿಂದ ಬಂದ ಆರು ಜಾಡಿಗಳು ಆರು ಟೋಪಿಗಳನ್ನು ಹೊತ್ತು ಕಾಯುತ್ತಿದ್ದವು.