ಸೋರದ ಶೀಸೆ

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿಯೇ ಹೋಗಿ! ಮಹಾರಾಜರ ಕಾಲದ ಮಾತು. ರಾಮನಗರ ಇನ್ನೂ ಕ್ಲೋಸ್‌ಪೇಟೆ. ಯುಗಾದಿ ಕಳೆದ ಉರಿಬಿಸಿಲಿನ ಮಧ್ಯಾಹ್ನ, ಬೋಳುಬಂಡೆಯ ಬೆಟ್ಟದ ನೆತ್ತಿಯಲ್ಲಿ ಇಬ್ಬರು ಗೆಳೆಯರು ಬಾಯಾರಿ ಕೂತಿದ್ದರು. ನಡುವೆ ಒಂದು ಮರದ ಶೀಸೆ. ಅದರ ತುಂಬ ನೀರು. ಕುಡಿಯಲು ಮಾತ್ರ ಆಗುತ್ತಿರಲಿಲ್ಲ.

ಶೀಸೆ ಮಾಡಿದವನು ಚನ್ನಪಟ್ಟಣದ ಬೊಂಬೆ ಕೆಲಸದ ಖಲಂದರ್. “ಮರದಲ್ಲಿ ನೀರು ನಿಲ್ಲಾಕಿಲ್ಲ, ಬುಗುರಿ ಮಾಡು ಹೋಗು” ಎಂದು ಅವನಿಗೆ ಕೆಲಸ ಕಲಿಸಿದ ಉಸ್ತಾದ್ ರಸೂಲ್ ಸಾಬರು ನಕ್ಕಿದ್ದರು. ಬೆಟ್ಟ ಹತ್ತಿದ ಮರುದಿನವೇ ತಾಲ್ಲೂಕಿನ ಅಮಲ್ದಾರರು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಸಾಮಾನು ಆರಿಸಲು ಬರುವವರಿದ್ದರು. ಹನಿ ಸೋರದಂತೆ ಬೆಟ್ಟ ಹತ್ತಿಸಿ ಇಳಿಸಿದರೆ ಉಸ್ತಾದರೇ ಶೀಸೆಯನ್ನು ಅವರ ಮುಂದಿಡಬೇಕೆಂದು ಪಂಥ. ಅದಕ್ಕೇ ಖಲಂದರ್ ನೀರು ತುಂಬಿ, ಮುಚ್ಚಳ ಬಡಿದು, ಅದರ ಮೇಲೂ ಕೆಂಪು ಅರಗು ಏರಿಸಿ ನುಣ್ಣಗೆ ಮೆರುಗು ಕೊಟ್ಟಿದ್ದ. ಬಾಯಿ ಎಲ್ಲಿ ಮುಗಿಯಿತು, ಮುಚ್ಚಳ ಎಲ್ಲಿ ಶುರುವಾಯಿತು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

“ಎಲೆಅಡಿಕೆ ಉಗಿಯೋದ್ರೊಳಗೆ ಹತ್ತಿ ಇಳಿದ್ಬುಡಾನ” ಎಂದು ಬೆಳಗಿನ ರೈಲು ಹತ್ತಿಸಿದವನು ಗೆಳೆಯ ನರಸಯ್ಯ, ಹೊಲ ಉಳುವವನು. ಬುತ್ತಿ ಅವನ ಪಾಲು, ನೀರು ಇವನ ಪಾಲು. ಬುತ್ತಿಯಲ್ಲಿದ್ದದ್ದು ಒಣ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ.

“ಯಾಕ್ಲಾ ಇಷ್ಟ್ ಖಾರ ತಂದೆ?” ಎಂದು ಖಲಂದರ್ ನಾಲಿಗೆ ಚಾಚಿದ.

“ನೀರು ನೀನ್ ತತ್ತೀಯ ಅಂತ ಕಣ್ಲಾ! ತಗಿ ಮುಚ್ಚಳವ.”

“ಬರಾಕಿಲ್ಲ. ಬೆಂಕಿ ತೋರ್ಸಿದ್ರೆ ಅರಗು ಕರಗ್ತದೆ. ಬೆಂಕಿಪೊಟ್ಟಣ ಕೊಡು.”

“ಬೀಡಿ ಸೇದೋನು ನೀನು, ನನ್ನ ಕೇಳ್ತೀಯಲ್ಲೋ!”

“ಹೋದ ವಾರ ಮಜೀದಾ ಬುಡ್ಸವ್ಳೆ ಕಣ್ಲಾ.”

“ನಿನ್ ಹೆಂಡ್ರಿಗೆ ಈ ವಾರನೇ ಬೇಕಿತ್ತಾ?” ನರಸಯ್ಯ ಒಂದು ಗುಂಡುಕಲ್ಲು ಎತ್ತಿದ. ಖಲಂದರ್ ಶೀಸೆಯನ್ನು ಹಸುಗೂಸಿನಂತೆ ಅಪ್ಪಿಕೊಂಡ. “ಬೇಕಾದ್ರೆ ನನ್ ತಲೆ ಮ್ಯಾಲೆ ಹಾಕು, ಇದ್ರ ಮ್ಯಾಲೆ ಬ್ಯಾಡ. ಎರಡು ತಿಂಗಳ ಕೆಲಸ!”

ಕಲ್ಲು ಜಾರಿತು. ನರಸಯ್ಯನೂ ಜಾರಿ ಅಂಗಾತ ಬಿದ್ದ. “ಲೇ... ನನ್ ಎತ್ತಿಗೆ ಒಸಿ ಹುಲ್ಲು ಹಾಕು ಅಂತ ಹೇಳ್ಬುಡ್ಲಾ ಮನೇಲಿ...” ಎಂದು ಕಣ್ಣು ಮೇಲೆ ಮಾಡಿದ. ಖಲಂದರ್ ಬಿಸ್ಮಿಲ್ಲಾ ಎಂದವನೇ, ಅಳುತ್ತ, ಶೀಸೆಯನ್ನು ಎರಡೂ ಕೈಯಲ್ಲಿ ಎತ್ತಿ ಬಂಡೆಗೆ ಅಪ್ಪಳಿಸಿದ.

ಒಡೆಯಲಿಲ್ಲ! ಕೈಜಾರಿ ಪುಟಿದು, ಟಕ್ ಟಕ್ ಎಂದು ಇಳಿಜಾರು ಹಿಡಿದು ಓಡಿತು. ಅದರ ಹಿಂದೆ ಮೊದಲು ಓಡಿದವನು ಸಾಯುತ್ತಿದ್ದ ನರಸಯ್ಯ.

ಬುಡದಲ್ಲಿ ಗುಡಿಸಲ ಮುಂದೆ ಒಲೆ ಉರಿಸುತ್ತಿದ್ದ ಆಡು ಕಾಯುವ ಕಾವೇರಮ್ಮ ಶೀಸೆಯನ್ನು ಪೊದೆಯಿಂದ ಎತ್ತಿಕೊಂಡಿದ್ದಳು. ತೆವಳುತ್ತ ಬಂದ ಇಬ್ಬರಿಗೂ ಚೊಂಬು ಚೊಂಬು ಮಜ್ಜಿಗೆ ಕೊಟ್ಟಳು. ಖಲಂದರ್ ಶೀಸೆಯನ್ನು ಸವರಿದ, ಕುಲುಕಿದ, ಕಿವಿಗಿಟ್ಟ. ಎರಡು ಗೀರು ಬಿದ್ದಿದ್ದವು, ಅಷ್ಟೇ.

“ಸೋರಿಲ್ಲ! ಒಂದ್ ಹನೀನೂ ಸೋರಿಲ್ಲ!” ಎಂದು ಕುಣಿದ.

“ಸೋರದೆ ಇರೋದೇನೋ ಸರಿ ಕಣಪ್ಪ,” ಎಂದಳು ಕಾವೇರಮ್ಮ. “ಕುಡಿಯೋದೆಂಗೆ?”

ಕುಣಿತ ನಿಂತಿತು. “ಒಲೆ ಐತಲ್ಲ, ಹಿಡೀಲಾ. ನಾಳೆ ಅಮಲ್ದಾರ್ರು ಮುಚ್ಚಳ ತಗಿ ಅಂದ್ರೆ ಏನ್ ಮಾಡೀಯೆ?” ಎಂದ ನರಸಯ್ಯ. ಹಿಡಿದರೆ ಎರಡು ತಿಂಗಳ ಮೆರುಗು ಇಳಿದುಹೋಗುತ್ತದೆ. ಹಿಡಿಯದಿದ್ದರೆ ಊರೆಲ್ಲ ನೋಡುವಾಗ ಉಸ್ತಾದರು ಮತ್ತೆ ನಗುತ್ತಾರೆ.

ಖಲಂದರ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಶೀಸೆಯನ್ನು ಉರಿಯ ಹತ್ತಿರ ಒಯ್ದ, ಹಿಂದೆಳೆದ, ಮತ್ತೆ ಒಯ್ದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?