ಮೂರು ಅಂದ್ರ ಏಳಬ್ಯಾಡ್ರಿ

ನಿವೃತ್ತಿಯ ದಿನ ಜೆರ್ಸಿಯ ಜೊತೆ ಆಟದ ಕಲೆಯನ್ನೂ ಬಿಚ್ಚಿ ಕೊಡಬೇಕು. ತಂಡ ಅದನ್ನು ಹೊಸಬನಿಗೆ ತೊಡಿಸುತ್ತದೆ. ಹುಬ್ಬಳ್ಳಿಯ ಅಮೆರಿಕನ್ ಫುಟ್‌ಬಾಲ್ ತಂಡದ ಟೈಟ್ ಎಂಡ್ ಗದಿಗೆಪ್ಪನಿಗೆ ಮಾತ್ರ ಒಂದು ರಿಯಾಯಿತಿ. ಟೈಟ್ ಎಂಡ್ ಆದವನು ಎದುರಾಳಿಯನ್ನು ಗುದ್ದಿ ತಡೆಯಲೂ ಬೇಕು, ಚೆಂಡು ಹಿಡಿಯಲೂ ಬೇಕು. ಕಲೆ ಎರಡಿದ್ದುದರಿಂದ ಒಂದನ್ನು ಮನೆಗೆ ಒಯ್ಯಬಹುದು.

"ಹಿಡಿಯೂದು ಇಟ್ಕೋರಿ," ಎಂದಳು ಹೆಂಡತಿ ನೀಲವ್ವ, ಮಗಳನ್ನು ಕಂಕುಳಲ್ಲಿ ಅವುಚಿಕೊಂಡು. "ಈಕಿ ಕಟ್ಟಿ ಕಂಡಲ್ಲೆಲ್ಲಾ ಜಿಗೀತಾಳ."

ಕಲೆ ಬಿಚ್ಚುವ ಯಂತ್ರದ ಮುಂದಿನ ಕುರ್ಚಿಯಲ್ಲಿ ಗದಿಗೆಪ್ಪ ಕೂತ. ಯಂತ್ರ ನಡೆಸುವ ಶಕೀಲಾ ಅವನ ತಲೆಗೆ ಅದರ ಟೋಪಿ ತೊಡಿಸಿ ಎಣಿಸಿದಳು. "ಒಂದು, ಎರಡು, ಮೂರು!"

ಗದಿಗೆಪ್ಪ ಕುರ್ಚಿ ಸಮೇತ ಎದ್ದು ಯಂತ್ರಕ್ಕೆ ಡಿಕ್ಕಿ ಹೊಡೆದ. ವೃತ್ತಿಯುದ್ದಕ್ಕೂ ಮೈದಾನದಲ್ಲಿ ಆಟ ಶುರುಮಾಡುವ ಎಣಿಕೆ ಕೇಳಿದೊಡನೆ ನುಗ್ಗಿದ ಮೈ ಅದು.

"ಅಣ್ಣಾರ, ಮೂರು ಅಂದ್ರ ಏಳಬ್ಯಾಡ್ರಿ! ಇನ್ನೊಮ್ಮೆ ಎದ್ರ ಎರಡೂ ಕಲೆ ಹೋಗ್ತಾವ."

"ಎಣಿಸಲಾರದ ಮಾಡವಾ."

"ಎಣಿಸದಿದ್ರ ಯಂತ್ರ ಶುರು ಆಗಂಗಿಲ್ರಿ."

ನೀಲವ್ವ ಮಗಳನ್ನು ಅವನ ತೊಡೆಯ ಮೇಲೆ ಕೂರಿಸಿದಳು. "ಈಗ ಏಳ್ರಿ, ನೋಡೂಣು."

ಶಕೀಲಾ ಮತ್ತೆ ಮೂರು ಎಂದಳು. ಗದಿಗೆಪ್ಪ ಬೆವರಿದ, ಹಲ್ಲು ಕಚ್ಚಿದ, ಏಳಲಿಲ್ಲ.

ಗುದ್ದುವ ಕಲೆಯನ್ನು ಅಲ್ಲೇ ಬಿಟ್ಟು ಹೊರಬಂದಾಗ ಗೇಟಿನಾಚೆ ಅಭಿಮಾನಿಗಳು ಮುತ್ತಿಕೊಂಡರು. ಮಗಳನ್ನು ಹೆಗಲೇರಿಸಿಕೊಂಡಿದ್ದ ಗದಿಗೆಪ್ಪ ರೂಢಿಯಂತೆ ದಾರಿ ಬಿಡಿಸಲು ಮುಂದೆ ಬಂದ. ಭುಜಕ್ಕೆ ಏನು ಮಾಡಬೇಕೆಂದೇ ತೋಚಲಿಲ್ಲ. ಅಷ್ಟರಲ್ಲಿ ಯಾರದೋ ಬಲೂನು ಕಂಡು ಮಗಳು ಅವನ ಹೆಗಲಿಂದ ಜಿಗಿದಳು. ಅವನು ನೋಡುವ ಮೊದಲೇ ಕೈ ಅವಳನ್ನು ಗಾಳಿಯಲ್ಲೇ ಹಿಡಿದಿತ್ತು.

ನೀಲವ್ವ ಸೆರಗಿನ ತುದಿಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಗುಂಪಿಗೆ ಭುಜ ಕೊಟ್ಟಳು.

"ಸರೀರಿ, ಸರೀರಿ! ರೀ, ನೀವು ನನ್ನ ಹಿಂದ ಬರ್ರಿ."