ಎರಡು ವರ್ಷ ತುಂಬಿದ ಸೈಟು

ಶಿವರುದ್ರಯ್ಯನವರ ನಂಬರಿನಿಂದ ಫೋನ್ ಬಂದಾಗ ಆಡಿಟರ್ ಪದ್ಮನಾಭಯ್ಯನವರಿಗೆ ನಗು ಬಂತು. ಲಾಭಕ್ಕೆ ಮಾರೋಣವೆಂದು ಆ ಮನುಷ್ಯ ಮೊದಲ ಸಲ ಒಂದು ಸೈಟು ಕೊಂಡಿದ್ದರು. ನಾಲ್ಕು ತಿಂಗಳ ಹಿಂದೆ, ತಮ್ಮ ಆಪರೇಷನ್ನಿಗೆ ಹಣ ಬೇಕೆಂದು ಅದನ್ನು ಮಾರಲು ಹೊರಟಿದ್ದರು. ಕೊಂಡು ಎರಡು ವರ್ಷ ತುಂಬುವ ಮೊದಲೇ ಮಾರಿದರೆ ತೆರಿಗೆ ಹೆಚ್ಚು ಬೀಳುತ್ತದೆ, ಸ್ವಲ್ಪ ತಡೆಯಿರಿ ಎಂದು ಪದ್ಮನಾಭಯ್ಯನವರೇ ಬುದ್ಧಿ ಹೇಳಿದ್ದರು.

"ಸರಿ ಬಿಡಿ, ಆಪರೇಷನ್ನನ್ನೇ ಮುಂದಕ್ಕೆ ಹಾಕ್ತೀನಿ," ಎಂದು ಅವರು ಎದ್ದು ಹೋಗಿದ್ದರು.

ಈಗ ಫೋನ್ ಎತ್ತಿದವರೇ ಪದ್ಮನಾಭಯ್ಯ ಶುರು ಮಾಡಿದರು: "ಏನ್ ಸ್ವಾಮಿ, ಎರಡು ವರ್ಷ ತುಂಬ್ತಲ್ಲ! ಕಾದಿದ್ದಕ್ಕೆ ತೆರಿಗೆ ಎಷ್ಟು ಉಳೀತು ನೋಡಿ."

"ನಾನು ಅವರ ಮನೆಯವಳು ಸರ್. ಸೈಟು ಈಗ ನನ್ನ ಹೆಸರಿಗೆ ಬಂದಿದೆ. ಎರಡು ವರ್ಷ ಮತ್ತೆ ಮೊದಲಿಂದ ಎಣಿಸ್ಬೇಕಾ?"

"ಕ್ರಯಕ್ಕೆ ತಗೊಂಡಿದ್ರೆ ಹೌದಮ್ಮ. ದಾನಪತ್ರವೋ ವಾರಸೋ ಆದ್ರೆ ಅವರು ಇಟ್ಕೊಂಡಿದ್ದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತೆ." ಪದ್ಮನಾಭಯ್ಯ ಜೋರಾಗಿ ನಕ್ಕರು. "ಅಂತೂ ನಮ್ಮ ಹೊಸ ವ್ಯಾಪಾರಸ್ಥರು ಹೆಂಡ್ತಿಗೇ ದಾನ ಮಾಡ್ಬಿಟ್ರು ಅನ್ನಿ!"

"ಇಲ್ಲ ಸರ್," ಎಂದರು ಆಕೆ. "ವಾರಸು."